ರೈಟರಿಗೆ, ತಕ್ಕಡಿಯ ವಿಚಾರ

ಬೆಳ್ಯಪ್ಪ ರೈಟರೇ,
ನಿಮ್ಮ ಕೊಕ್ಕೆ ತಕ್ಕಡಿ ಕಳುವಾಗಿಲ್ಲ, ನನ್ನ ಹತ್ತಿರ ಇದೆ.
ಲೈನಿನ ಹುಡುಗರನ್ನು ಬಯ್ಯಬೇಡಿ.
ಬುಧವಾರ ರಾತ್ರಿ ಕಣದ ಶೆಡ್ಡಿನ ಮೊಳೆಯಿಂದ
ನಾನೇ ಕಿತ್ತುಕೊಂಡು ಓಡಿದೆ.

ಮೂರನೇ ಮನೆ, ಮಿನಿ.
ನಿಮ್ಮ ಪುಸ್ತಕದಲ್ಲಿ ಹದಿನೇಳನೇ ನಂಬರು.
ಸಿದ್ದಾಪುರದಿಂದ ನನ್ನ ಸ್ಕೂಟರು ಬರುವಷ್ಟರಲ್ಲಿ
ಕೂಸು ಚಾಪೆಯ ಮೇಲೆ ಅಳುತ್ತಿತ್ತು,
ಅಜ್ಜಿ ನಗುತ್ತಿದ್ದಳು, ಒಲೆಗೆ ಹೊಸ ಸೌದೆ ಬಿದ್ದಿತ್ತು.
ಎಲ್ಲ ಸುಸೂತ್ರ, ಅಂದರು.
ಆ ಮಾತು ಕೇಳಿದರೆ ನನಗೆ ಬೆನ್ನು ತಣ್ಣಗಾಗುತ್ತದೆ.

ಒಂಬತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತು,
ಮಾಲ್ದಾರೆ ಕಡೆ ಇಂಥದೇ ಒಂದು ಕೋಣೆಯಲ್ಲಿ
ಜಾನು ಎಂಬವಳ ಪಕ್ಕ ಕೂತು
ಸ್ವಲ್ಪ ಹೋಗಿದೆ ಅಷ್ಟೇ, ಅಂದಿದ್ದೆ.
ಸ್ವಲ್ಪ ಅಂದರೆ ಎಷ್ಟು ಅಂತ ಯಾರೂ ಕೇಳಲಿಲ್ಲ.
ಸಗಣಿ ಸಾರಿಸಿದ ನೆಲ ಕುಡಿಯುತ್ತದೆ, ರೈಟರೇ,
ಲೆಕ್ಕ ಕೊಡುವುದಿಲ್ಲ.
ಚಾಪೆ ಎತ್ತಿ ನೋಡುವಾಗ ಬೆಳಗಾಗಿತ್ತು.
ಫಾರಂನಲ್ಲಿ ಒಂದು ಕಾಲಂ, ಅಂದಾಜು ರಕ್ತಸ್ರಾವ.
ಸಾಧಾರಣ ಎಂದು ಬರೆದೆ.
ಸಹಿ ಹಾಕಿದೆ.

ಈ ಸಲ ಒದ್ದೆ ಬಟ್ಟೆಯನ್ನೆಲ್ಲ ಗಂಟು ಕಟ್ಟಿ
ನಿಮ್ಮ ಕೊಕ್ಕೆಗೆ ಸಿಕ್ಕಿಸಿ ಎತ್ತಿದೆ.
ಕಾಫಿ ಹಣ್ಣಿನ ಕೆಂಪಲ್ಲ ಅದು, ಹೋಲಿಸಬೇಡಿ.
ಒಣ ಬಟ್ಟೆಯ ತೂಕ ಕಳೆದು
ಏಳುನೂರ ನಲವತ್ತು ಗ್ರಾಂ, ಇನ್ನೂ ಹೋಗುತ್ತಿದೆ.
ನಂಬರು ಬಾಯಿಬಿಟ್ಟು ಹೇಳಿದೆ.
ಅಜ್ಜಿಯ ನಗು ನಿಂತಿತು. ಗಂಡ ಗೇಟಿಗೆ ಓಡಿದ.
ಆಶಾ ಸುಬೈದಾ ನೂರಾ ಎಂಟಕ್ಕೆ ಕೂಗುತ್ತಲೇ
ಐಸ್ ಡಬ್ಬಿಯಿಂದ ಇಂಜೆಕ್ಷನ್ ತೆಗೆದಳು.
ತೊಡೆಗೆ ಚುಚ್ಚಿ, ಡ್ರಿಪ್ ಹಾಕಿ,
ಹೊಕ್ಕುಳ ಕೆಳಗೆ ಅಂಗೈ ಇಟ್ಟು ತಿಕ್ಕಿದೆ, ತಿಕ್ಕುತ್ತಲೇ ಇದ್ದೆ,
ಕಳಿತ ಪಪ್ಪಾಯಿಯಂತೆ ಮೆತ್ತಗಿದ್ದದ್ದು
ಎಳೆ ಹಲಸಿನಷ್ಟಾದರೂ ಗಟ್ಟಿಯಾಗಲಿ ಎಂದು.

ಆಂಬುಲೆನ್ಸು ತಿರುವಿನಲ್ಲಿ ನಿಂತಿತು.
ರಸ್ತೆಯಲ್ಲಿ ಎರಡು ಆನೆ, ಒಂದು ಮರಿ.
ಲೈಟು ಆರಿಸಿ ಹನ್ನೊಂದು ನಿಮಿಷ ಕಾದೆವು.
ಅದನ್ನೂ ಬರೆದಿಟ್ಟಿದ್ದೇನೆ.
ಅಮ್ಮತ್ತಿ ದಾಟುವಾಗ ಮಿನಿ ಬಾಯಾರಿಕೆ ಅಂದಳು.
ವಿರಾಜಪೇಟೆಯಲ್ಲಿ ಎರಡು ಚೀಲ ರಕ್ತ ಏರಿಸಿದರು,
ಯಾರದೋ, ಚೀಟಿಯಲ್ಲಿ ಬರೀ ನಂಬರು.

ಬದುಕಿದ್ದಾಳೆ.
ಗಂಜಿಗೆ ಉಪ್ಪಿಲ್ಲ ಅಂತ ನಿನ್ನೆ ಜಗಳ ತೆಗೆದಳು.

ಇನ್ನೊಂದು ಮಾತು.
ಮಾರನೆ ದಿನ ನಿಮ್ಮನ್ನು ಹುಡುಕಿ ಶೆಡ್ಡಿಗೆ ಬಂದಿದ್ದೆ,
ನೀವಿರಲಿಲ್ಲ, ಪುಸ್ತಕ ಇತ್ತು. ತೆರೆದು ನೋಡಿದೆ.
ಹದಿನೇಳನೇ ನಂಬರು,
ಕುಯ್ಲು ಶುರುವಿನಲ್ಲಿ ತೊಂಬತ್ತೆರಡು ಕೆಜಿ, ಆಮೇಲೆ ಎಪ್ಪತ್ತು,
ಐವತ್ತೈದು, ಕಳೆದ ಶನಿವಾರ ಮೂವತ್ತೊಂದು.
ಪಕ್ಕದಲ್ಲಿ ನಿಮ್ಮ ಮುತ್ತಿನಂಥ ಅಕ್ಷರದಲ್ಲಿ,
ಸೋಮಾರಿ.

ಅವಳ ಮೈಯಲ್ಲಿ ರಕ್ತವಿರಲಿಲ್ಲ, ರೈಟರೇ.
ನನ್ನ ತಾಯಿ ಕಾರ್ಡಿನಲ್ಲಿ ಆ ಕಾಲಂ ಖಾಲಿ.
ಕೂಲಿ ತಪ್ಪುತ್ತದೆ ಎಂದು ಅವಳು ಪರೀಕ್ಷೆಗೆ ಬರಲಿಲ್ಲ,
ಎರಡನೇ ಸಲ ಕರೆಯಲು ನಾನು ಹೋಗಲಿಲ್ಲ.
ಕಬ್ಬಿಣದ ಮಾತ್ರೆ ಎಲೆಅಡಿಕೆ ಡಬ್ಬಿಯಲ್ಲಿ ಹಾಗೇ ಇತ್ತು.
ನನಗೆ ಕೊನೆಯ ರಾತ್ರಿ ತಿಳಿದದ್ದು
ನಿಮ್ಮ ಪುಸ್ತಕಕ್ಕೆ ಎರಡು ತಿಂಗಳ ಮೊದಲೇ ಗೊತ್ತಿತ್ತು.
ಅದನ್ನು ಓದುವವರು ಇಬ್ಬರೂ ಬೇರೇನೋ ಓದುತ್ತಿದ್ದೆವು.

ಇಪ್ಪತ್ಮೂರನೇ ನಂಬರು ಬೊಳ್ಳಿ, ಈಗ ಏಳು ತಿಂಗಳು.
ಮೊನ್ನೆ ಎಂಬತ್ತು, ನಿನ್ನೆ ಅರವತ್ತು.
ಪಕ್ಕದಲ್ಲಿ ಏನಾದರೂ ಬರೆಯುವ ಮೊದಲು
ನನಗೊಂದು ಫೋನ್ ಮಾಡಿ,
ರಾತ್ರಿಯಾದರೂ ಸರಿ.

ಕುಯ್ಲಿಗೆ ಬೇರೆ ತಕ್ಕಡಿ ತರಿಸಿಕೊಳ್ಳಿ, ಸಾಹುಕಾರರಿಗೆ ನಾನೇ ಹೇಳುತ್ತೇನೆ.
ಇದು ಬೊಳ್ಳಿಯ ಹೆರಿಗೆ ಮುಗಿಯುವವರೆಗೆ ನನ್ನ ಚೀಲದಲ್ಲಿರಲಿ.
ಡೆಟಾಲಿನಲ್ಲಿ ಎರಡು ಸಲ ತೊಳೆದಿದ್ದೇನೆ.
ಕೊಕ್ಕೆಯ ಸಂದಿಯಲ್ಲಿ ಹಸಿರು ಸೀರೆಯ ಒಂದು ನೂಲು
ಸಿಕ್ಕಿಕೊಂಡಿದೆ,
ಎಳೆದರೂ ಬರುತ್ತಿಲ್ಲ.